ತೀರಿದ ಗೆರೆಯ ಮನೆಯಿಂದ

ಬಿರುಮಾಸ, ನಲವತ್ತೊಂದನೇ ದಿನ
ಇಸವಿ ೨೨೦೯
ಬೆಟಗೇರಿ

ಹಿರಿಯವ್ವ ಸುವರ್ಣಾ ಬೇವಿನಮರದ ಅವರಿಗೆ, ಏಳು ತಲೆಮಾರು ಕೆಳಗಿನ ಮೊಮ್ಮಗಳು ಹಂಪವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದು ಹಾಕಬೇಡಿ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಬಿರುಮಾಸ ಎಂಬ ತಿಂಗಳಿಲ್ಲ, ಯಾವ ತಿಂಗಳಿಗೂ ನಲವತ್ತೊಂದನೇ ದಿನವಿಲ್ಲ ಎಂಬುದು ನನಗೆ ಗೊತ್ತು. ಚೈತ್ರ ವೈಶಾಖಗಳ ನಡುವೆ ಬಿಸಿಲು ಹಿಗ್ಗುತ್ತ ಹೋಗಿ ಕೊನೆಗೆ ಅದಕ್ಕೇ ಒಂದು ಪ್ರತ್ಯೇಕ ತಿಂಗಳು ಕೊಡಬೇಕಾಯಿತು. ಅದು ಎಂದು ಮುಗಿಯುತ್ತದೆಂಬುದು ಪಂಚಾಂಗ ಬರೆಯುವವರಿಗೂ ತಿಳಿಯದ ಕಾರಣ, ಮೊದಲ ಮೋಡ ಕಾಣುವವರೆಗೆ ದಿನ ಎಣಿಸುತ್ತ ಹೋಗುತ್ತೇವೆ. ನಿಮಗೆ ಅಪನಂಬಿಕೆ ಬರುವುದಾದರೆ ಬರಲಿ, ಓದಿ ಮುಗಿಸಿದ ಮೇಲೆ ಬರಲಿ.

ನನ್ನ ಬರವಣಿಗೆ ಸ್ವಲ್ಪ ಒರಟಾಗಿ, ಸ್ವಲ್ಪ ಬೇರೆ ಊರಿನದಾಗಿ ಕಂಡರೆ ಕ್ಷಮಿಸಬೇಕು. ನಮ್ಮ ಕನ್ನಡಕ್ಕೆ ನಿಮಗೆ ಗೊತ್ತಿರದ ಮಾತುಗಳು ಸೇರಿವೆ, ನೀವು ದಿನವೂ ಆಡುವ ಎಷ್ಟೋ ಮಾತುಗಳು ಬಿದ್ದುಹೋಗಿವೆ. ಜಡಿಮಳೆ ಎಂಬ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದೇನೆ, ಅದು ಹೇಗೆ ಸದ್ದು ಮಾಡುತ್ತದೆಂದು ಹೇಳುವವರು ಸಿಗಲಿಲ್ಲ. ಇನ್ನು ನಿಮ್ಮನ್ನು ಹೇಗೆ ಕರೆಯಬೇಕು ಎಂಬುದೂ ಒಂದು ತೊಡಕು. ವಯಸ್ಸಿನಲ್ಲಿ ನೀವು ನನ್ನ ಸೊಸೆಯ ವಾರಿಗೆಯವರು, ಅರವತ್ತು ದಾಟಿದ ನಾನು ನಿಮಗೆ ಬುದ್ಧಿ ಹೇಳಿದರೂ ನಡೆದೀತು. ಸಂಬಂಧದಲ್ಲಿ ಮಾತ್ರ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು. ಆದ್ದರಿಂದ ಮೊದಲು ಕಾಲು ಮುಟ್ಟುತ್ತೇನೆ, ಬುದ್ಧಿ ಆಮೇಲೆ ಹೇಳುತ್ತೇನೆ.

ಒಂದು ವಿಷಯ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಈ ಕಾಗದದಲ್ಲಿ ಅಳು ಇರುವುದಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ನನ್ನ ಮನಸ್ಸು ಜೋಮು ಹಿಡಿದಿದೆ. ಅಲ್ಲೇ ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ. ನಿನ್ನೆ ರೊಟ್ಟಿ ಬಡಿಯುವಾಗ ಹೆಂಚು ತಾಗಿ ಬೆರಳು ಸುಟ್ಟಿತು, ಬನಿ ನೋಡಿ ಹೇಳುವವರೆಗೆ ನನಗೆ ಅದು ಗೊತ್ತೇ ಆಗಲಿಲ್ಲ. ಬನಿ ಎಂದರೆ ನನ್ನ ಸೊಸೆ ಬನಶಂಕರಿ.

ಈ ಕಾಗದ ನಿಮಗೆ ತಲುಪಿದ್ದು ಹಿಂದಂಚೆಯಿಂದ. ಜೀವಮಾನಕ್ಕೆ ಒಂದೇ ಒಂದು ಕಾಗದವನ್ನು, ರಕ್ತಸಂಬಂಧದ ಹಿರಿಯರೊಬ್ಬರಿಗೆ, ಹಿಂದಿನ ಕಾಲಕ್ಕೆ ಕಳಿಸುವ ಸೌಕರ್ಯ ನಮಗಿದೆ. ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಕೈಯಲ್ಲಿರುವ ಮೊಬೈಲಿನ ಒಳಗಿನ ಸಂಗತಿ ನಿಮಗೆಷ್ಟು ಗೊತ್ತೋ, ಇದರದು ನನಗೂ ಅಷ್ಟೇ ಗೊತ್ತು. ಹೆಚ್ಚಿನವರು ಈ ಅವಕಾಶವನ್ನು ಆಸ್ತಿಯ ಆಸೆಗೆ ಹಾಳುಮಾಡಿಕೊಳ್ಳುತ್ತಾರೆ. ನಮ್ಮ ಓಣಿಯ ಮುದಿಯಪ್ಪ ತನ್ನ ಮುತ್ತಾತನಿಗೆ ಬಾವಿಯಿದ್ದ ಹೊಲ ಮಾರಬೇಡ ಎಂದು ಬರೆದ, ಮರುದಿನ ಎದ್ದವನೇ ಬಾವಿ ಬಂದಿದೆಯೇ ಎಂದು ಹಿತ್ತಲಿಗೆ ಹೋಗಿ ನೋಡಿದ. ಹಾಗೆ ಬರುವುದಿಲ್ಲ. ಕಾಗದ ತಲುಪಿದ ಗಳಿಗೆಯಿಂದ ನಿಮ್ಮ ದಾರಿ ನಮ್ಮ ದಾರಿಯಿಂದ ಕವಲೊಡೆಯುತ್ತದೆ. ನಿಮ್ಮ ಕವಲಿನಲ್ಲಿ ಏನು ಬದಲಾದರೂ ನಮ್ಮಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಬರೆಯುವ ಹಾಳೆ ಕೊಡುವಾಗ ಅಂಚೆಯ ಗುಮಾಸ್ತೆ ಪದ್ಧತಿಯಂತೆ ಈ ನಿಯಮವನ್ನು ಮೂರು ಸಲ ಓದಿ ಹೇಳಿ, "ಇದರಿಂದ ನಿಮಗೇನೂ ಸಿಗಂಗಿಲ್ಲ, ಗೊತ್ತೈತಿಲ್ರಿ ಅಮ್ಮಾ?" ಎಂದಳು. "ಗೊತ್ತೈತಿ ಮಗಳ, ನೀ ಮುದ್ರಿ ಒತ್ತು" ಎಂದೆ.

ನೀವು ನಡೆದಾಡುವ ಬೆಟಗೇರಿಯ ಓಣಿಗಳು ಈಗಲೂ ಇವೆ. ಎದುರುಬದುರು ಮನೆಗಳ ನಡುವೆ, ಮಾಳಿಗೆಯ ಎತ್ತರದಲ್ಲಿ, ದಪ್ಪ ಬಟ್ಟೆ ಬಿಗಿದಿರುತ್ತೇವೆ. ಅದಕ್ಕೆ ನೆರಳುಹಾಸು ಎನ್ನುತ್ತೇವೆ. ನೇಕಾರರ ಊರಿಗೆ ಈ ಒಂದು ಕಾರಣಕ್ಕೆ ಮತ್ತೆ ಮಗ್ಗದ ಸದ್ದು ಬಂತು. ಹಾಸು ಹರಿದ ಕಡೆ ಏಣಿ ಹಾಕಿ ತೇಪೆ ಹಚ್ಚುವುದು ನನ್ನ ಕೆಲಸ, ಬನಿಯದೂ ಅದೇ. ಬೆಳಗಿನ ಮಬ್ಬಿನಲ್ಲಿ ಏಣಿ ಹತ್ತುತ್ತೇವೆ, ಬಿಸಿಲೇರುವ ಹೊತ್ತಿಗೆ ಇಳಿದು ಮನೆ ಸೇರುತ್ತೇವೆ. ನಡುಹಗಲು ಊರೆಲ್ಲ ಮಲಗಿರುತ್ತದೆ, ನಾಯಿಗಳೂ ನಡುಮನೆಯಲ್ಲೇ ಮಲಗುತ್ತವೆ, ಯಾರೂ ಅಟ್ಟುವುದಿಲ್ಲ. ಸಂಜೆಗೆ ಮತ್ತೆ ಸಂತೆ, ಶಾಲೆ, ಕೋರ್ಟು ಎಲ್ಲ ತೆರೆಯುತ್ತವೆ. ಹಾಸಿನ ಮೇಲ್ಮೈಗೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಬಣ್ಣದ ಪಟ್ಟಿಗಳನ್ನು ಬಳಿಯುತ್ತಾರೆ. ಕುಂಚ ಹಿಡಿದು, ದಾರದ ಆಸರೆಯಿಲ್ಲದೆ, ಓಣಿಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಪಟ್ಟಿ ಎಳೆಯುವವನೆಂದು ಹೆಸರಾದವನು ನನ್ನ ಮಗ ಶರಭ. ಅವನ ಕೆಲಸ ನೋಡಲು ಗದಗಿನಿಂದ ಜನ ಬರುತ್ತಿದ್ದರು. ನಾನೂ ಏಣಿಯ ಮೇಲೆ ಸುಮ್ಮನೆ ನಿಂತು ನೋಡಿದ್ದುಂಟು.

ನೀರಿನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಪ್ರತಿ ಮನೆಗೂ ದಿನಕ್ಕೆ ಇಷ್ಟು ನೀರು ಎಂದು ಗೊತ್ತುಮಾಡಿದ್ದಾರೆ, ಅದನ್ನು ಪಾಲು ಎನ್ನುತ್ತೇವೆ. ಪಾಲು ಮನೆಗೆ ಸೇರಿದ್ದು, ಮನೆ ಬಿಟ್ಟು ಹೋದವರ ಹಿಂದೆ ಅದು ಹೋಗುವುದಿಲ್ಲ. ಬೇರೆ ಮನೆಯ ಪಾಲಿಗೆ ಹೆಸರು ಸೇರಿಸಬೇಕಾದರೆ ಎರಡು ಬಿರುಮಾಸ ಕಾಯಬೇಕು, ಅಲ್ಲಿಯವರೆಗೆ ಆ ಮನೆಯ ಮಕ್ಕಳ ಬಾಯಿಂದ ಕಸಿದು ಕುಡಿಯಬೇಕು. ಹೀಗಾಗಿ ಗಂಡನ ಕೈ ಜೋರಾದಾಗ ಹೆಂಡತಿ ತವರಿಗೆ ಓಡುವ ಪದ್ಧತಿಯೇ ನಮ್ಮಲ್ಲಿ ನಿಂತುಹೋಗಿದೆ. ಓಡಿದರೆ ತವರಿನವರಿಗೆ ನೀರಿಲ್ಲ. ಇಷ್ಟೆಲ್ಲ ಬಿಗಿಯಿದ್ದರೂ ಬಾಗಿಲಿಗೆ ಬಂದವರಿಗೆ ತಂಬಿಗೆ ನೀರು ಕೊಡುವುದನ್ನು ನಾವು ಬಿಟ್ಟಿಲ್ಲ. ನಿಮ್ಮಲ್ಲಿ ಅದು ಮರ್ಯಾದೆ. ನಮ್ಮಲ್ಲಿ ಅದು ಮರ್ಯಾದೆಯೂ ಹೌದು, ಕಾನೂನೂ ಹೌದು. ಒಂದು ಮನೆಯ ಪಾಲಿನಿಂದ ನೀರು ಕುಡಿದವನನ್ನು ಆ ಮನೆ ಒಪ್ಪಿಕೊಂಡಿದೆ ಎಂದೇ ಲೆಕ್ಕ.

ನಿಮ್ಮ ಕೈಯಲ್ಲಿರುವ ರಕ್ಷಣಾ ಆದೇಶ ಕಾಗದದ್ದು. ಅದನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ತಿರುಗುತ್ತೀರಿ, ಹೊಡೆದ ಗಂಡ ಬಂದಾಗ ತೆಗೆದು ತೋರಿಸುತ್ತೀರಿ, ಅವನು ನಗುತ್ತಾನೆ, ನೀವು ಪೊಲೀಸರಿಗೆ ಫೋನ್ ಮಾಡಿ ಕಾಯುತ್ತೀರಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮಲ್ಲಿ ಅಂಥ ಆದೇಶವನ್ನು ಗೆರೆ ಎನ್ನುತ್ತಾರೆ. ಕೋರ್ಟು ಮನೆಯ ಸುತ್ತ ಗೆರೆ ಎಳೆಯುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಹೊಡೆದವನ ಮುಂಗೈಗೆ ಹಾಕಿದ ಕಡಗಕ್ಕೆ ಮಾತ್ರ ಕಾಣುತ್ತದೆ. ಗೆರೆಯ ಹತ್ತಿರ ಬಂದರೆ ಕಡಗ ಕೂಗುತ್ತದೆ. ಕೂಗಿದ ಕೂಡಲೇ ಓಣಿಯವರೆಲ್ಲ, ಮಲಗಿದ್ದವರೂ ಉಣ್ಣುತ್ತಿದ್ದವರೂ, ಎದ್ದು ಬಂದು ತಮ್ಮ ತಮ್ಮ ಬಾಗಿಲಲ್ಲಿ ನಿಲ್ಲಬೇಕು. ಯಾರೂ ಬೈಯುವಂತಿಲ್ಲ, ಕೈ ಮಾಡುವಂತಿಲ್ಲ, ಸುಮ್ಮನೆ ಅವನನ್ನು ನೋಡುತ್ತ ನಿಲ್ಲಬೇಕು. ಇದಕ್ಕೆ ಓಣಿ ನಿಲ್ಲುವುದು ಎನ್ನುತ್ತೇವೆ. ಅಷ್ಟು ಜನ ಬಾಯಿ ಮುಚ್ಚಿಕೊಂಡು ನೋಡುತ್ತಿರುವಾಗ ಗೆರೆ ದಾಟಿದ ಗಂಡಸನ್ನು ನಾನು ನೋಡಿಲ್ಲ. ನಮ್ಮ ಕಾಲದಲ್ಲಿ ಒಳ್ಳೆಯದು ಏನಾದರೂ ಇದ್ದರೆ ಅದು ಇದೊಂದೇ.

ಶರಭ ಕುಡುಕನಲ್ಲ. ಹೊರಗೆ ಯಾರ ಜೊತೆಗೂ ಜಗಳ ಕಾದವನಲ್ಲ. ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ನಾನು ಉಣ್ಣದೆ ತಾನು ಉಂಡವನಲ್ಲ. ಬನಿಗೆ ಎಡಗಿವಿ ಕೇಳಿಸುವುದಿಲ್ಲ, ಮದುವೆಯಾಗಿ ಬಂದಾಗ ಕೇಳಿಸುತ್ತಿತ್ತು. ಈಗ ಯಾರಾದರೂ ಮಾತಾಡಿಸಿದರೆ ಅವಳು ಬಲಗಿವಿಯನ್ನು ಅವರ ಕಡೆ ಮಾಡಿ ನಿಲ್ಲುತ್ತಾಳೆ, ಹೊಸಬರು ಇದನ್ನು ಬಿಂಕ ಎಂದುಕೊಳ್ಳುತ್ತಾರೆ. ಗೆರೆ ಕೇಳಲು ಅವಳ ಜೊತೆ ಕೋರ್ಟಿಗೆ ಹೋದವಳು ನಾನು. ಬಾಗಿಲು ಕಾಯುವವನು ಯಾರ ಕಡೆಯವರೆಂದು ಕೇಳಿದ, ಹುಡುಗನ ತಾಯಿ ಎಂದೆ. ಅವನು ಆಚೆ ಬದಿಯ ಬೆಂಚು ತೋರಿಸಿದ, ನಾನು ಈಚೆ ಬದಿಯಲ್ಲಿ ಬನಿಯ ಬಲಗಡೆಗೆ ಕೂತೆ. ಶರಭ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಗೊಡವೆಗೆ ಹೋಗುವುದಿಲ್ಲ. ಗೆರೆ ಬಂತು. ಅವನು ಬಣ್ಣದವರ ಛತ್ರದಲ್ಲಿ ಉಳಿದ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವಳು ಮೊದಲ ಸಲ ಕಾಲು ಚಾಚಿ ಮಲಗಿದ್ದನ್ನು ನಾನು ಆಗ ನೋಡಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮುಂದಿನ ವಾರ, ಆದೇಶವನ್ನು ರದ್ದು ಮಾಡಬೇಕೆಂದು ನಿಮ್ಮ ಗಂಡ ಹಾಕಿದ ಅರ್ಜಿಯ ವಿಚಾರಣೆಯಿದೆ. ಅವರ ವಕೀಲರು ನಿಮ್ಮನ್ನು ಕಲ್ಲು ಮನಸ್ಸಿನ ಹೆಂಗಸು ಎನ್ನುತ್ತಾರೆ. ಪೆಟ್ಟನ್ನು ತಡೆದುಕೊಂಡ ನಿಮಗೆ ಈ ಮಾತನ್ನು ತಡೆದುಕೊಳ್ಳಲು ಆಗುವುದಿಲ್ಲ. ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳುತ್ತೀರಿ, "ಮೊನ್ನಿ ಬಾಗಲಿಗೆ ಬಂದಾಗೂ ತಂಬಿಗಿ ತುಂಬ ನೀರು ಕೊಟ್ಟೇನ್ರಿ ಸಾಹೇಬ್ರ. ನಾವೇನು ಅಷ್ಟು ಕಟುಕರಲ್ರಿ." ನ್ಯಾಯಾಧೀಶರು ಒಳ್ಳೆಯವರು. ಆದೇಶ ರದ್ದಾಗುವುದಿಲ್ಲ, ನೀವೇ ಗೆಲ್ಲುತ್ತೀರಿ. ನಿಮ್ಮ ಸಜ್ಜನಿಕೆಗೆ ಸಾಕ್ಷಿಯೆಂದು ಆ ತಂಬಿಗೆ ನೀರನ್ನು ಅವರು ತೀರ್ಪಿನಲ್ಲಿ ಬರೆಯುತ್ತಾರೆ. ನೀವು ಬೆಟಗೇರಿಗೆ ಮರಳಿ ಪೇಡೆ ಹಂಚುತ್ತೀರಿ. ಹೊಡೆದವನಿಗೆ ನೀನೆಷ್ಟು ಒಳ್ಳೆಯವನಪ್ಪಾ ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ, ನೀವು ಮಾತ್ರ ನಿಮ್ಮ ಒಳ್ಳೆಯತನ ತೋರಿಸಲು ಹೋದಿರಿ. ಸಿಟ್ಟಾಗಬೇಡಿ. ಇದು ನಮ್ಮ ಮನೆತನದ ಹೆಂಗಸರ ಚಾಳಿ, ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.

ಒಮ್ಮೆ ಬರೆದ ಮಾತು ತೀರ್ಪಿನಿಂದ ತೀರ್ಪಿಗೆ ನಡೆಯುತ್ತದೆ. ನಿಮ್ಮ ಮಗಳ ಕಾಲದಲ್ಲಿ ಇನ್ನೊಬ್ಬ ನ್ಯಾಯಾಧೀಶರು ಬೇರೆ ಯಾರದೋ ಪ್ರಕರಣದಲ್ಲಿ ನಿಮ್ಮ ತಂಬಿಗೆಯನ್ನು ಹೊರಗೆ ತೆಗೆದು, ನೀರು ಕೊಡುವಷ್ಟು ಹತ್ತಿರ ಹೋದವಳಿಗೆ ಭಯವಿತ್ತೇ ಎಂದು ಕೇಳಿದರು. ಬರೀ ಕೇಳಿದರು, ಉತ್ತರ ಬರೆಯಲಿಲ್ಲ. ಮುಂದಿನವರು ಉತ್ತರ ಬರೆದರು. ಆಮೇಲೆ ನೀರಿನ ಬರ ಬಂತು, ಪಾಲಿನ ಕಾನೂನು ಬಂತು, ತಂಬಿಗೆಯ ತೂಕ ಹೆಚ್ಚಿತು. ಕಳೆದ ವರ್ಷ ಲಕ್ಕುಂಡಿಯ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಒಬ್ಬ ನ್ಯಾಯಾಧೀಶೆ, ನೀರು ಕೊಡುವುದು ನಮ್ಮ ಜನರ ಕೈಗೆ ಹತ್ತಿದ ರೂಢಿ, ಅದರಿಂದ ಗೆರೆ ಅಳಿಯುವುದಿಲ್ಲ ಎಂದು ತೀರ್ಪು ಕೊಟ್ಟರು. ನಮ್ಮ ಓಣಿಯಲ್ಲಿ ಅಂದು ಹಬ್ಬದ ಅಡಿಗೆ ಮಾಡಿದ್ದೆವು. ಹೋದ ಮಾಗಿಯಲ್ಲಿ ಪೂರ್ಣಪೀಠ ಅದನ್ನು ತಳ್ಳಿಹಾಕಿತು. ಗೆರೆಯೊಳಗಿನ ಮನೆಯಿಂದ ಯಾರೇ ಆಗಲಿ ಗೆರೆಯ ಹೊರಗಿನವನಿಗೆ ಪಾಲಿನ ನೀರು ಕೊಟ್ಟರೆ ಗೆರೆ ತೀರಿತು ಎಂದು ಸಾರಿತು. ತೀರ್ಪಿನ ಮೊದಲ ಸಾಲಿನಲ್ಲೇ ನಿಮ್ಮ ಹೆಸರಿದೆ, ಅಚ್ಚುಕಟ್ಟಾಗಿ, ಒಂದಕ್ಷರ ತಪ್ಪಿಲ್ಲದೆ.

ಆ ತೀರ್ಪು ಬಂದ ಮೇಲೆ ಶರಭ ಬರತೊಡಗಿದ. ಬಿರುಮಾಸ ಹಿಡಿಯುವುದನ್ನೇ ಕಾದು, ನಡುಹಗಲಿನಲ್ಲಿ, ಗೆರೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದ. ಕಡಗ ಕೂಗುತ್ತಿತ್ತು, ನಿದ್ದೆಗಣ್ಣಿನ ಓಣಿ ಎದ್ದು ಬಂದು ನಿಲ್ಲುತ್ತಿತ್ತು. ಅವನು ಬೈಯಲಿಲ್ಲ, ಬನಿಯ ಹೆಸರು ಎತ್ತಲಿಲ್ಲ. "ಯವ್ವಾ, ನೀರಡಿಕಿ ಆಗೇತಿ" ಎನ್ನುತ್ತಿದ್ದ, ಅಷ್ಟೇ. ಅದು ವಕೀಲರು ಕಲಿಸಿದ ಪಾಠವೆಂದು ಓಣಿಯ ಕೂಸಿಗೂ ಗೊತ್ತಿತ್ತು. ಆದರೆ ಪಾಠವೆಂದ ಮಾತ್ರಕ್ಕೆ ನೀರಡಿಕೆ ಸುಳ್ಳೆಂದು ಅರ್ಥವಲ್ಲ. ಆ ಬಿಸಿಲಿನಲ್ಲಿ ನಿಂತವರಿಗೆ ನೀರಡಿಕೆ ಆಗೇ ಆಗುತ್ತದೆ, ಅವನ ತುಟಿ ಒಡೆದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಓಣಿಯವರು ತಮ್ಮ ಮನೆಯಿಂದ ಕೊಡಲು ಹೋದರೆ ಅವನು ಮುಟ್ಟುತ್ತಿರಲಿಲ್ಲ. ಹೆತ್ತ ಮಗ ನೀರು ಕೇಳಿದಾಗ ಕೊಡದೆ ನಿಲ್ಲುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ಮೊದಮೊದಲು ಸೆರಗು ಕಚ್ಚಿ ನಿಲ್ಲುತ್ತಿದ್ದೆ. ಆಮೇಲೆ ಕಚ್ಚುವುದೂ ಬೇಕಾಗಲಿಲ್ಲ. ಜೋಮು ಹಿಡಿದದ್ದು ಆಗಲೇ ಇರಬೇಕು.

ಒಂದು ದಿನ ಅವನು ನಿಂತಲ್ಲೇ ಕುಸಿದು ಕೂತ. ತಲೆ ಮುಂದಕ್ಕೆ ವಾಲಿತು. ಓಣಿ ನೋಡುತ್ತಿತ್ತು, ಕಡಗ ಕೂಗುತ್ತಿತ್ತು. ನನ್ನ ಕೈ ನೀರಿನ ಕೊಡದ ಮೇಲೆ ಹೋಗಿತ್ತು, ಅದನ್ನು ನಾನೇ ಹಿಂದಕ್ಕೆ ಎಳೆದುಕೊಂಡೆ, ಅದು ಮತ್ತೆ ಹೋಯಿತು. ಬನಿ ಇದನ್ನೆಲ್ಲ ನೋಡುತ್ತಿದ್ದಳು. "ಅತ್ತಿ, ನೀವು ಕುಂದರ್ರಿ" ಎಂದಳು. "ಅವರಿಗೆ ಏನರ ಆದ್ರ ನೀವು ಉಳಿಯಂಗಿಲ್ಲ. ನೀವು ಕೊಟ್ರೂ ಗೆರಿ ಹೋಗತೈತಿ, ನಾ ಕೊಟ್ರೂ ಹೋಗತೈತಿ. ನೀವು ಕೊಟ್ಟರ ಆಮ್ಯಾಲ ಜಲ್ಮಪೂರ್ತಿ ನನ್ನ ಮುಖ ನೋಡಂಗಿಲ್ಲ. ನಾನ ಕೊಡ್ತೇನಿ." ನಾನು ಬೇಡ ಎನ್ನಲಿಲ್ಲ. ಅವಳು ತಂಬಿಗೆ ತುಂಬಿ, ಸೆರಗಿನಿಂದ ಹೊರಮೈ ಒರೆಸಿ, ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಕೊಟ್ಟಳು.

ಅವನು ತುಟಿ ತಾಗಿಸದೆ ಎತ್ತಿ ಕುಡಿದ. ಒಂದು ಹನಿ ಚೆಲ್ಲಲಿಲ್ಲ. ಕಡಗದ ಕೂಗು ನಿಂತಿತು. ಓಣಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು, ಏಕೆಂದರೆ ತೀರಿದ ಗೆರೆಗೆ ಓಣಿ ನಿಲ್ಲುವಂತಿಲ್ಲ, ನಿಂತರೆ ಅದು ತಪ್ಪು. ಅವನು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಧೂಳು ಕೊಡವಿಕೊಂಡು, ಚೆನ್ನಾಗಿಯೇ ಎದ್ದು ನಿಂತ. "ಬರ್ತೇನಿ ಯವ್ವಾ" ಎಂದು ಹೇಳಿ ವಕೀಲರ ಮನೆಯ ದಾರಿ ಹಿಡಿದ. ಮಗ ಬದುಕಿದ ಎಂದು ನನಗೆ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದಿಲ್ಲ, ಮೊದಲು ಆದದ್ದು ಸಮಾಧಾನವೇ. ಬನಿ ತಂಬಿಗೆ ತೊಳೆದು ಅದರ ಜಾಗದಲ್ಲಿಟ್ಟಳು.

ನಿನ್ನೆ ಸಂಜೆ ವಿಚಾರಣೆ ನಡೆಯಿತು. ನ್ಯಾಯಾಧೀಶೆ ಗದರುವವರಲ್ಲ, ಕಣ್ಣಿನಲ್ಲಿ ಕರುಣೆಯಿತ್ತು, ಕೈ ಮಾತ್ರ ಪೂರ್ಣಪೀಠಕ್ಕೆ ಕಟ್ಟಿಬಿದ್ದಿತ್ತು. "ಹೆದರಿಕಿ ಇದ್ದಾಕಿ ನೀರು ಹೆಂಗ ಕೊಟ್ಟಿ ತಂಗಿ?" ಎಂದು ಕೇಳಿದರು. ಎಡಗಡೆಯಿಂದ ಕೇಳಿದ್ದಕ್ಕೆ ಬನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಬೇಕಾಯಿತು. ಬನಿ ನನ್ನ ಕೈಯನ್ನಾಗಲಿ ಕೊಡವನ್ನಾಗಲಿ ಪ್ರಸ್ತಾಪಿಸಲಿಲ್ಲ. "ನೀರಡಿಕಿ ಅಂದ್ರು, ಕೊಟ್ಟೆರಿ" ಎಂದಳು. ನಾನು ಎದ್ದು ನಡೆದದ್ದನ್ನೆಲ್ಲ ಹೇಳಿದೆ, ಅದನ್ನೂ ಬರೆದುಕೊಂಡರು. ಆದರೂ ಯಾರ ಕೈಯಿಂದ, ಯಾವ ಕಾರಣಕ್ಕೆ ಎಂಬ ಪ್ರಶ್ನೆ ಪೂರ್ಣಪೀಠದ ಮಾತಿನ ಮುಂದೆ ಏಳುವುದೇ ಇಲ್ಲವಂತೆ. ಗೆರೆ ತೀರಿತು ಎಂದು ಓದಿದರು. ಅಲ್ಲೇ ಶರಭನ ಕಡಗ ಬಿಚ್ಚಿದರು. ಕಡಗವಿದ್ದ ಜಾಗದಲ್ಲಿ ಚರ್ಮ ಬೆಳ್ಳಗಾಗಿತ್ತು, ಅವನು ಅದನ್ನು ಉಜ್ಜಿಕೊಳ್ಳುತ್ತ ನನ್ನ ಕಡೆ ನೋಡಿ, ನಾಡಿದ್ದು ಬೆಳಗ್ಗೆ ಮನೆಗೆ ಬರುವುದಾಗಿಯೂ ಜೋಳದ ರೊಟ್ಟಿಗೆ ಪುಂಡಿಪಲ್ಲೆ ಮಾಡಿಡಬೇಕೆಂದೂ ಹೇಳಿದ. ಆ ನಾಡಿದ್ದು ಎಂದರೆ ನಾಳೆ.

ಇನ್ನೊಂದು ಗೆರೆ ಕೇಳಬಹುದಲ್ಲ ಎಂದು ನೀವು ಅನ್ನುತ್ತೀರಿ. ಕೇಳಬಹುದು. ಆದರೆ ತೀರಿದ ಗೆರೆಯನ್ನು ಹಳೆಯ ಪೆಟ್ಟಿನ ಆಧಾರದ ಮೇಲೆ ಮತ್ತೆ ಎಳೆಯುವಂತಿಲ್ಲ, ಹೊಸ ಪೆಟ್ಟು ಬೇಕು ಎಂಬುದು ಇನ್ನೊಂದು ತೀರ್ಪು. ಬನಿಯ ಕಿವಿ ಈಗ ಹಳೆಯ ಪೆಟ್ಟು. ಸುಳ್ಳು ಹೇಳಿ ಪಾರಾಗೋಣವೆಂದರೆ ಕೋರ್ಟಿನಲ್ಲಿ ಗಾಯಗನ್ನಡಿ ಎಂಬುದೊಂದಿದೆ. ಗಾಯವನ್ನು ಅದರ ಮುಂದೆ ಹಿಡಿದರೆ ಯಾವ ಕೈಯಿಂದ, ಎಂದು ಆದದ್ದೆಂದು ತೋರಿಸುತ್ತದೆ. ಯಾರಾದರೂ ತಾವಾಗಿ ಹೋಗಿ ಗೋಡೆಗೆ ಹಾಯ್ದುಕೊಂಡರೆ ಅದು ಗೋಡೆಯ ಹೆಸರನ್ನೇ ಹೇಳುತ್ತದೆ. ಅಂತೂ ಬನಿ ಇನ್ನೊಮ್ಮೆ ಪೆಟ್ಟು ತಿಂದು ಬದುಕಿ ಉಳಿದರೆ ಕೋರ್ಟಿನ ಬಾಗಿಲು ತೆರೆದಿರುತ್ತದೆ. ಹೋದ ಸಲ ಕಿವಿಯಿಂದ ನೆತ್ತರು ಬಂದಾಗ ಇನ್ನು ಎರಡು ಬೆರಳು ಈಚೆಗೆ ಬಿದ್ದಿದ್ದರೆ ಜೀವ ಹೋಗುತ್ತಿತ್ತೆಂದು ವೈದ್ಯರು ಹೇಳಿದ್ದರು. ಅವಳು ಇವತ್ತು ಬೆಳಗಿನಿಂದ ಮನೆಯ ಚೂಪಾದ ಸಾಮಾನುಗಳನ್ನೆಲ್ಲ ಅಟ್ಟದ ಮೇಲೆ ಎತ್ತಿಡುತ್ತಿದ್ದಾಳೆ. ನಾನು ನೋಡುತ್ತಿಲ್ಲ ಎಂದುಕೊಂಡಿದ್ದಾಳೆ.

ಕಾನೂನಿನಲ್ಲಿ ಒಂದೇ ಒಂದು ಸಂದಿ ಉಳಿದಿದೆ, ಅದನ್ನು ತೋರಿಸಿಕೊಟ್ಟವರು ಆ ನ್ಯಾಯಾಧೀಶೆಯೇ. ತೀರ್ಪು ಓದಿ ಎದ್ದವರು ನನ್ನ ಹತ್ತಿರ ಹಾದುಹೋಗುವಾಗ, ಗೆರೆ ಎಳೆಯುವುದು ಮನೆಯ ಸುತ್ತ, ಆ ಮನೆಯ ಯಾವ ಹೆಂಗಸು ಕೇಳಿದರೂ ಎಳೆಯಬಹುದು ಎಂದು ಬರೀ ಕಾನೂನು ಹೇಳುವವರ ಹಾಗೆ ಹೇಳಿ ಹೋದರು. ಅವರು ಏನೆಂದುಕೊಂಡು ಹೇಳಿದರೋ ತಿಳಿಯದು. ಮನೆಗೆ ಬರುವಷ್ಟರಲ್ಲಿ ನನಗೆ ಮಾತ್ರ ತಿಳಿದಿತ್ತು. ಪೆಟ್ಟು ಬನಿಗೇ ಬೀಳಬೇಕೆಂದಿಲ್ಲ.

ಶರಭನ ಬಲಗೈ ಸಣ್ಣಗೆ ನಡುಗುತ್ತದೆ. ಎರಡು ವರ್ಷದಿಂದ ಹೀಗಾಗಿದೆ. ಪಟ್ಟಿ ಎಳೆಯುವಾಗ ಈಗ ಗುಟ್ಟಾಗಿ ದಾರ ಕಟ್ಟಿಕೊಳ್ಳುತ್ತಾನೆ, ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಅವನ ಅಪ್ಪನ ಕೈಯೂ ಇದೇ ವಯಸ್ಸಿಗೆ ನಡುಗತೊಡಗಿತ್ತು. ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಅದೇ ಕೈ ಏಳುತ್ತಿತ್ತು, ಏಳುವಾಗ ಮಾತ್ರ ನಡುಗುತ್ತಿರಲಿಲ್ಲ. ಬನಿ ಒಂದು ದಿನ ಕಾಳಜಿಯಿಂದಲೇ, "ಕೈ ನಡಗಾಕತ್ತೇತ್ರಿ, ವೈದ್ಯರಿಗೆ ತೋರಸೋಣೇನು?" ಎಂದು ಕೇಳಿದಳು. ಅವಳಿಗೆ ಮೊದಲ ಪೆಟ್ಟು ಬಿದ್ದದ್ದು ಅಂದೇ. ಹೀಗೆ ಆ ಮಾತು ಯಾವುದೆಂದು ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ನಾಳೆ ಬೆಳಗ್ಗೆ ಬನಿಯನ್ನು ಕುಂಬಾರ ಓಣಿಯ ನೆರಳುಹಾಸಿಗೆ ತೇಪೆ ಹಚ್ಚಲು ಕಳಿಸುತ್ತೇನೆ, ನಡುಹಗಲು ಅಲ್ಲೇ ತಂಗಿ ಸಂಜೆಗೆ ಬಾ ಎನ್ನುತ್ತೇನೆ. ಅವಳಿಗೆ ಏನೂ ಹೇಳಿಲ್ಲ, ಹೇಳಿದರೆ ಹೋಗುವುದಿಲ್ಲ. ಶರಭ ಬಂದು ಕೈಕಾಲು ತೊಳೆದು ಊಟಕ್ಕೆ ಕೂಡುತ್ತಾನೆ. ಪುಂಡಿಪಲ್ಲೆ ಮಾಡಿರುತ್ತೇನೆ, ಉಂಡು ಮುಗಿಸಲಿ. ಅವನು ನೀರಿನ ತಂಬಿಗೆ ಎತ್ತಿದಾಗ ನಾನು ಅವನ ಕೈಯನ್ನೇ ನೋಡಿ, ನಿಮ್ಮಪ್ಪನಂಗ ನಡಗತೈತಿ ನೋಡು, ಇನ್ನ ಕುಂಚ ಬಿಡು ಎಂದು ಹೇಳುತ್ತೇನೆ. ಒಮ್ಮೆಗೆ ಆಗದಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಓಣಿಯವರನ್ನು ಕರೆದು ಅವರ ಮುಂದೆಯೂ ಹೇಳುತ್ತೇನೆ. ಆಮೇಲೆ ಕೋರ್ಟಿಗೆ ನಡೆದು ಹೋಗುವಷ್ಟು ಶಕ್ತಿ ನನ್ನ ಕಾಲಿನಲ್ಲಿ ಉಳಿದರೆ ಸಾಕು.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ಬಾಗಿಲಿಗೆ ಬಂದವರಿಗೆ ನೀರು ಕೊಡಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವವರಲ್ಲ. ಕೊಡಿ. ಮುಂದಿನ ವಾರ ಆ ವಕೀಲರು ಕಲ್ಲು ಮನಸ್ಸು ಎಂದಾಗ ಮಾತ್ರ ಬಾಯಿ ಬಿಗಿಹಿಡಿದು ಕೂತಿರಿ. ಅವರು ಏನಾದರೂ ಅಂದುಕೊಳ್ಳಲಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನಿಮ್ಮ ಒಳ್ಳೆಯತನವನ್ನು ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ಕವಲಿನಲ್ಲಿ ಹುಟ್ಟುವ ಬನಿಗೆ ಇದರಿಂದ ಉಪಯೋಗವಾದೀತು, ನಮ್ಮ ಬನಿಗೆ ಆಗುವುದಿಲ್ಲ. ಅದಕ್ಕೇ ಗುಮಾಸ್ತೆ ಅಷ್ಟು ಸಲ ಕೇಳಿದ್ದು.

ಇನ್ನೊಂದಿದೆ, ಅದನ್ನು ಕೇಳಲು ನಾಚಿಕೆಯಾಗುತ್ತದೆ. ನೀವು ಸಂಜೆ ದೇವರ ಮುಂದೆ ದೀಪ ಹಚ್ಚುವವರೆಂದು ಅಜ್ಜಿ ಹೇಳುತ್ತಿದ್ದಳು. ಕವಲೊಡೆದ ದಾರಿಗಳಿಗೂ ದೇವರು ಒಬ್ಬನೇ ಇದ್ದಾನು, ಅಂಚೆಯವರು ಆ ಬಗ್ಗೆ ಏನೂ ನಿಯಮ ಮಾಡಿಲ್ಲ. ಇನ್ನೂರು ವರ್ಷ ಮೊದಲೇ ಹೊರಟ ಬೇಡಿಕೆ ನಾಳೆ ಬೆಳಗಿನೊಳಗೆ ಮುಟ್ಟಿದರೂ ಮುಟ್ಟೀತು. ನಾನು ಇವತ್ತು ಮೂರು ಸಲ ದೇವರ ಗೂಡಿನ ಮುಂದೆ ಕೂತೆ. ಅವನು ನನ್ನ ಮೇಲೆ ಕೈ ಎತ್ತದಿದ್ದರೆ ನಾಳೆ ಸಂಜೆ ಬನಿ ಮನೆಗೆ ಮರಳಿ ಅವನ ಕೈಗೆ ಸಿಗುತ್ತಾಳೆ, ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಪ್ರತಿ ಸಲ ನನ್ನ ಬಾಯಿಂದ ಬಂದದ್ದು, ನನ್ನ ಮಗ ನನ್ನನ್ನು ಹೊಡೆಯದಿರಲಿ ಎಂಬ ಮಾತೇ. ಆದ್ದರಿಂದ ನೀವು ಬೇಡಿಕೊಳ್ಳಿ, ಹಿರಿಯವ್ವ. ಅವನ ಕೈ ಏಳಲಿ ಎಂದು ಬೇಡಿಕೊಳ್ಳಿ. ನನ್ನಿಂದ ಆಗುತ್ತಿಲ್ಲ.

ನಿಮ್ಮ ಮೊಮ್ಮಗಳು,
ಹಂಪವ್ವ